‘ನೋಡಿ’ ಎಂಬುದು ‘ನೋಡು’ ಆದ ಬಗೆ

ಸೆಲೀನ್ ಸಿಯಾಮಾ ನಿರ್ದೇಶಿಸಿದ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ ಚಿತ್ರಕ್ಕೆ ಕನ್ನಡ ಅಡಿಬರಹ ಬರೆಯಲು ಕುಳಿತಾಗ ನನ್ನ ಉದ್ದೇಶ ಸಣ್ಣದಿತ್ತು. ಅದನ್ನು ಅಕ್ಕನಿಗೆ ತೋರಿಸಬೇಕಿತ್ತು. ಅವಳಿಗೆ ಫ್ರೆಂಚ್ ಬಾರದು. ಇಂಗ್ಲಿಷ್ ಅಡಿಬರಹದ ಹಿಂದೆ ಓಡುತ್ತ ಚಿತ್ರ ನೋಡುವುದೆಂದರೆ ಅವಳಿಗೆ ದಣಿವು. ನಾನು ಬೆಂಗಳೂರಿನಲ್ಲಿ ಎರಡು ವರ್ಷ ಫ್ರೆಂಚ್ ಕಲಿತಿದ್ದೆ, ಡಿಸ್ಕ್ ಕೊಂಡು ಇಟ್ಟುಕೊಂಡಿದ್ದೆ. ಎರಡು ಗಂಟೆಯ ಚಿತ್ರ, ಮಾತೂ ಕಡಿಮೆ, ಹದಿನೈದು ದಿನ ಸಾಕು ಎಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ಚಿತ್ರ ಬಂದದ್ದು 2019ರಲ್ಲಿ. ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿಯನ್ನೂ ಲೈಂಗಿಕ ಅಲ್ಪಸಂಖ್ಯಾತರ ಕುರಿತ ಚಿತ್ರಕ್ಕೆ ಕೊಡುವ ಕ್ವೀರ್ ಪಾಮ್ ಪ್ರಶಸ್ತಿಯನ್ನೂ ಪಡೆಯಿತು. ಹದಿನೆಂಟನೆಯ ಶತಮಾನದ, ಫ್ರಾನ್ಸಿನ ಬ್ರಿಟನಿ ಕರಾವಳಿಯ ಕಥೆ. ಚಿತ್ರಕಲಾವಿದೆ ಮರಿಯಾನ್ ಒಂದು ಮನೆಗೆ ಬರುತ್ತಾಳೆ. ಆ ಮನೆಯ ಮಗಳು ಎಲೋಯಿಸ್‌ಳ ಭಾವಚಿತ್ರ ಬರೆದುಕೊಡಬೇಕು. ಅದು ಮಿಲಾನ್‌ನಲ್ಲಿರುವ ವರನಿಗೆ ಹೋಗಬೇಕು. ಎಲೋಯಿಸ್‌ಗೆ ಆ ಮದುವೆ ಬೇಡ, ಹಾಗಾಗಿ ಚಿತ್ರಕ್ಕೆ ಕೂರುವುದಿಲ್ಲ. ಮರಿಯಾನ್ ವಾಯುವಿಹಾರದ ಜೊತೆಗಾತಿಯೆಂದು ಹೇಳಿಕೊಂಡು ಹಗಲು ಅವಳನ್ನು ಕದ್ದು ನೋಡುತ್ತಾಳೆ, ನೋಡಿದ್ದನ್ನು ಗುಟ್ಟಾಗಿ ಚಿತ್ರಿಸುತ್ತಾಳೆ.

ಮೊದಲ ತೊಡಕು ಹೆಸರಿನಲ್ಲೇ ಇತ್ತು. ‘ಉರಿಯುತ್ತಿರುವ ಯುವತಿ’ ಎಂದು ಬರೆದು ನೋಡಿದೆ, ಕೈ ತಡೆಯಿತು. ನಮ್ಮ ಪತ್ರಿಕೆಗಳಲ್ಲಿ ಹೆಣ್ಣು ಮತ್ತು ಬೆಂಕಿ ಒಟ್ಟಿಗೆ ಬಂದರೆ ಸೀಮೆಎಣ್ಣೆ, ಸ್ಟೌವ್, ವರದಕ್ಷಿಣೆ ನೆನಪಾಗುತ್ತವೆ. ಇಲ್ಲಿಯ ಬೆಂಕಿ ಯಾರೋ ಹಚ್ಚಿದ್ದಲ್ಲ. ಕೊನೆಗೆ ‘ಕಿಚ್ಚು ಹೊತ್ತ ಯುವತಿಯ ಭಾವಚಿತ್ರ’ ಎಂದಿಟ್ಟೆ. ಹೊತ್ತಿಕೊಂಡವಳೂ ಅವಳೇ, ಹೊತ್ತು ನಡೆಯುವವಳೂ ಅವಳೇ. ‘ಭಾವಚಿತ್ರ’ ಎಂಬ ಪದ ನಮ್ಮಲ್ಲಿ ಮೊದಲೇ ಇದ್ದದ್ದಕ್ಕೆ ಅಂದು ತುಂಬ ಸಂತೋಷಪಟ್ಟೆ.

ತಾಂತ್ರಿಕ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಸಾಲು ಮೀರಬಾರದು, ಓದಲು ಸಮಯ ಸಿಗಬೇಕು. ‘ನೋಡಿಕೊಳ್ಳುತ್ತಿದ್ದೇನೆ’ ಎಂಬ ಒಂದೇ ಕ್ರಿಯಾಪದ ಅರ್ಧ ಸಾಲು ನುಂಗುತ್ತದೆ. ಒತ್ತಕ್ಷರಗಳ ಬಾಲ ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುತ್ತಿದ್ದುದರಿಂದ ಸಾಲುಗಳನ್ನು ಕೊಂಚ ಮೇಲಕ್ಕೆತ್ತಿ ಕೂರಿಸಬೇಕಾಯಿತು.

ನಿಜವಾದ ಕೆಲಸ ನೀವು–ನೀನುವಿನದು. ಮೊದಲ ಕರಡಿನಲ್ಲಿ ಒಡೆಯರ ಮನೆಯ ಎಲೋಯಿಸ್ ಕೆಲಸಕ್ಕೆ ಬಂದ ಮರಿಯಾನ್‌ಳನ್ನು ‘ನೀನು’ ಎನ್ನುತ್ತಿದ್ದಳು, ಮರಿಯಾನ್ ಅವಳನ್ನು ‘ನೀವು’ ಎನ್ನುತ್ತಿದ್ದಳು. ಯಾರೂ ಹೇಳಿಕೊಡದೆ ನನ್ನ ಕೈ ಹಾಗೆ ಬರೆದಿತ್ತು. ಫ್ರೆಂಚ್ ಮತ್ತೆ ಕೇಳಿಸಿಕೊಂಡೆ. ಇಬ್ಬರದೂ ‘ವೂ’, ಅಂದರೆ ನಮ್ಮ ‘ನೀವು’. ಒಬ್ಬರನ್ನೊಬ್ಬರು ಮುಟ್ಟಿದ ಮೇಲೂ ‘ವೂ’. ನಮ್ಮ ಅಮ್ಮ ಅಪ್ಪನನ್ನು ‘ನೀವು’ ಎನ್ನುತ್ತಾರೆ, ಅಪ್ಪ ಅಮ್ಮನನ್ನು ‘ನೀನು’ ಎನ್ನುತ್ತಾರೆ. ಒಲವೆಂದರೆ ಒಂದು ಮೆಟ್ಟಿಲು ಮೇಲೆ, ಒಂದು ಮೆಟ್ಟಿಲು ಕೆಳಗೆ ಎಂದೇ ನನ್ನ ವ್ಯಾಕರಣ ತಿಳಿದಿತ್ತು. ಸಮವಾಗಿ ನಿಂತ ಇಬ್ಬರ ನಡುವೆ ಬಯಕೆ ಹೇಗೆ ಮಾತಾಡುತ್ತದೆ ಎಂಬುದಕ್ಕೆ ನನ್ನ ಕಿವಿಯಲ್ಲಿ ಮಾದರಿಯೇ ಇರಲಿಲ್ಲ. ಇಡೀ ಕಡತ ತಿದ್ದಿ ಎರಡೂ ಕಡೆ ‘ನೀವು’ ಮಾಡಿದೆ.

ಮರಿಯಾನ್ ತನ್ನ ಕಲಾವಿದೆಯ ಜಾಗದಲ್ಲಿ ಕುಳಿತು ಎಲೋಯಿಸ್‌ಳ ಹಾವಭಾವಗಳನ್ನು ಎಣಿಸಿ ಹೇಳುವ ದೃಶ್ಯವೊಂದಿದೆ: ಮುಜುಗರವಾದರೆ ತುಟಿ ಕಚ್ಚುತ್ತೀರಿ, ಸಿಟ್ಟು ಬಂದರೆ ರೆಪ್ಪೆ ಬಡಿಯುವುದಿಲ್ಲ ಎಂದು. ಎಲೋಯಿಸ್ ಅವಳನ್ನು ಹತ್ತಿರ ಕರೆದು, ಮರಿಯಾನ್ ಮಾತು ತೋಚದಾಗ ಹಣೆ ಮುಟ್ಟಿಕೊಳ್ಳುವುದನ್ನು ಹೇಳುತ್ತಾಳೆ. ಇಷ್ಟು ದಿನ ನೋಡಿಸಿಕೊಂಡವಳೂ ನೋಡುತ್ತಲೇ ಇದ್ದಳು! ಸಾಲುಗಳ ಸಮಯ ಹೊಂದಿಸಲು ಈ ದೃಶ್ಯವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸುತ್ತಿದ್ದೆ. ಒಂದು ರಾತ್ರಿ ಕಾಲೇಜಿನ ಗ್ರಂಥಾಲಯ ಕಣ್ಣ ಮುಂದೆ ಬಂತು. ಎದುರು ಕೂರುತ್ತಿದ್ದ ಗೆಳತಿ ಪುಟ ತಿರುಗಿಸುವ ಮುನ್ನ ಅದರ ಮೂಲೆಯನ್ನು ಹೆಬ್ಬೆರಳಿನಿಂದ ಎರಡು ಬಾರಿ ಸವರುತ್ತಿದ್ದಳು. ಎರಡೇ ಬಾರಿ, ಯಾವಾಗಲೂ. ಮೂರು ವರ್ಷ ಅದನ್ನು ನೋಡುತ್ತ ಕೂತಿದ್ದೆ, ಅದಕ್ಕೆ ಸ್ನೇಹ ಎಂಬ ಹೆಸರಿಟ್ಟಿದ್ದೆ. ಕಂಪ್ಯೂಟರ್ ಆರಿಸಿ ಬಹಳ ಹೊತ್ತು ಕತ್ತಲಲ್ಲಿ ಕೂತೆ. ಅವಳೂ ನನ್ನಲ್ಲಿ ಏನನ್ನಾದರೂ ಗಮನಿಸುತ್ತಿದ್ದಳೇ? ಆ ಪ್ರಶ್ನೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನಗೆ ಬಂದಿರಲಿಲ್ಲ.

ಆಗಲೇ ನನ್ನ ಬದುಕಿನಲ್ಲಿ ಬೇರೊಬ್ಬರಿದ್ದರು. ‘ಒಬ್ಬರು’ ಎಂದು ಈಗಲೂ ಕೈ ತಾನಾಗಿ ಬರೆಯುತ್ತದೆ ನೋಡಿ. ಮನೆಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ ‘ಅವರಿಗೆ ಇನ್ನೂ ಓದು ಮುಗಿದಿಲ್ಲ’, ‘ಅವರು ಈಗಲೇ ಬೇಡ ಎನ್ನುತ್ತಾರೆ’ ಎನ್ನುತ್ತಿದ್ದೆ. ಗೌರವದ ‘ಅವರು’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಮೇಲೂ ನಾನು ಆ ಸರ್ವನಾಮದ ಮರೆಯಲ್ಲೇ ಇದ್ದೆ.

ಅಗಲಿಕೆಯ ಗಳಿಗೆಯಲ್ಲಿ ಮರಿಯಾನ್ ಮೆಟ್ಟಿಲಿಳಿದು ಬಾಗಿಲಿಗೆ ಓಡುತ್ತಾಳೆ. ಹಿಂದಿನಿಂದ ಎಲೋಯಿಸ್‌ಳ ದನಿ: ‘ರತೂರ್ನ್ ತ್ವಾ’. ‘ವೂ’ ಹೋಗಿ ‘ತು’, ಅಂದರೆ ‘ನೀನು’, ಬಂದಿದೆ. ಇಂಗ್ಲಿಷ್ ಅಡಿಬರಹದಲ್ಲಿ ಇದು ಕಾಣುವುದೇ ಇಲ್ಲ, ಆ ಭಾಷೆಯಲ್ಲಿ ಇಬ್ಬರಿಗೂ ಒಂದೇ ‘ಯೂ’. ಕನ್ನಡದಲ್ಲಿ ಒಂದು ಗುಣಿತ ಬದಲಿಸಿದರೆ ಸಾಕು: ‘ತಿರುಗಿ ನೋಡಿ’ ಅಲ್ಲ, ‘ತಿರುಗಿ ನೋಡು’. ಇದೇ ಮಾತು ಚಿತ್ರದಲ್ಲಿ ಮೊದಲೇ ಒಮ್ಮೆ ಬಂದಿರುತ್ತದೆ. ಗ್ರೀಕ್ ಪುರಾಣದ ಆರ್ಫಿಯಸ್ ತಿರುಗಿ ನೋಡಿ ಹೆಂಡತಿಯನ್ನು ಕಳೆದುಕೊಂಡ ಕಥೆ ಓದುವಾಗ, ಹಾಗೆ ಹೇಳಿದ್ದು ಆ ಹೆಂಡತಿಯೇ ಇರಬಹುದು ಎನ್ನುತ್ತಾಳೆ ಎಲೋಯಿಸ್. ಅಲ್ಲಿ ‘ಹಿಂದೆ ನೋಡು’ ಎಂದು ಬರೆದಿದ್ದೆ. ಹಿಂದಕ್ಕೆ ಹೋಗಿ ಅದನ್ನೂ ‘ತಿರುಗಿ ನೋಡು’ ಮಾಡಿದೆ.

ಕೊನೆಯ ದೃಶ್ಯಕ್ಕೆ ಅಡಿಬರಹವೇ ಬೇಡ. ವಿವಾಲ್ಡಿಯ ಸಂಗೀತ ಕೇಳುತ್ತ ಕುಳಿತ ಎಲೋಯಿಸ್‌ಳ ಮುಖ, ಅಷ್ಟೇ.

ಅಕ್ಕ ಒಂದು ಭಾನುವಾರ ಮಧ್ಯಾಹ್ನ ಚಿತ್ರ ನೋಡಿದಳು. ಮುಗಿದ ಮೇಲೆ ಸುಮ್ಮನೆ ಕೂತಿದ್ದು, “ಅಷ್ಟು ಹೊತ್ತೂ ಬಹುವಚನದಲ್ಲಿ ಬರೆದಿದ್ದೀಯ. ಮೆಟ್ಟಿಲಿನ ಹತ್ತಿರ ಮಾತ್ರ ‘ನೋಡು’ ಎಂದಾಗಿದೆ. ಅದು ತಪ್ಪೇ?” ಎಂದು ಕೇಳಿದಳು.

“ತಪ್ಪಲ್ಲ,” ಎಂದೆ.

ಸ್ವಲ್ಪ ತಡೆದು, “ನೀನು ಹೇಳುತ್ತಿರುತ್ತೀಯಲ್ಲ, ಆ ‘ಅವರು’…” ಎಂದಳು.

“ಅವಳು,” ಎಂದೆ.