ಕೂದಲೆಳೆಯಷ್ಟು ಆಳದಲ್ಲಿ ಉಕ್ಕಿನ ಗಡಸುತನ ಅಳೆಯುವುದು ಹೇಗೆ?

ಹಳೇ ಫಿಟ್ಟರ್‌ಗಳು ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವ ಕೆಲಸ) ಆಗಿ ಬಂದ ಜಾಬ್‌ನ, ಅಂದರೆ ಉಕ್ಕಿನ ಭಾಗದ, ಮೂಲೆಗೆ ಅರ ಉಜ್ಜಿ ನೋಡುತ್ತಿದ್ದರು. ಅರ ಕಚ್ಚಿದರೆ ಮೆತ್ತಗಿದೆ, ಜಾರಿದರೆ ಗಟ್ಟಿಯಾಗಿದೆ. ಈಗಲೂ ಅದು ಒಳ್ಳೆಯ ಉಪಾಯವೇ. ಆದರೆ ಡ್ರಾಯಿಂಗ್‌ನಲ್ಲಿ ‘58–62 ಎಚ್‌ಆರ್‌ಸಿ’ (ರಾಕ್‌ವೆಲ್ ಸಿ ಸ್ಕೇಲ್‌ನ ಗಡಸುತನ) ಎಂದಿದ್ದರೆ ಅರ ಸಾಲದು, ರಾಕ್‌ವೆಲ್ ಮೆಷಿನ್ ಬೇಕು.

ಬೇರಿಂಗ್ ರಿಂಗ್‌ಗಳನ್ನು ಬೇಗ ಪರೀಕ್ಷಿಸಲೆಂದು ಅಮೆರಿಕದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ 1914ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. ಸಿ ಸ್ಕೇಲ್‌ನಲ್ಲಿ ಒತ್ತುವುದು 120 ಡಿಗ್ರಿಯ ವಜ್ರದ ಮೊನೆ. ಮೊದಲು 10 ಕೆ.ಜಿ. ಭಾರ, ಆಮೇಲೆ 150, ಮತ್ತೆ 10. ಮೊದಲ 10ರಿಂದ ಕೊನೆಯ 10ರ ಹೊತ್ತಿಗೆ ಮೊನೆ ಎಷ್ಟು ಕೆಳಗಿಳಿಯಿತು ಎಂಬುದೇ ಲೆಕ್ಕ. ಪ್ರತಿ 0.002 ಮಿ.ಮೀ.ಗೆ 100ರಿಂದ ಒಂದು ಅಂಕ ಕಳೆಯಬೇಕು. ಅಂದರೆ 60 ಬಂದರೆ ಆಳ ಬರೀ 0.08 ಮಿ.ಮೀ. ಹೆಚ್ಚುಕಮ್ಮಿ ಒಂದು ಕೂದಲೆಳೆಯ ದಪ್ಪ!

ಹಾಗಾಗಿ ಅರ್ಧ ಕೆಲಸ ಜಾಬ್ ಮೆಷಿನ್ ಮೇಲೆ ಕೂರುವ ಮೊದಲೇ ಮುಗಿದಿರಬೇಕು. ಫರ್ನೇಸ್‌ನ ಕಪ್ಪು ಪದರವನ್ನು ಎಮರಿ ಪೇಪರ್‌ನಿಂದ ತೆಗೆಯಿರಿ. ಗ್ರೈಂಡರ್‌ಗೆ ಹಿಡಿದು ನೀಲಿ ಬರಿಸಬೇಡಿ, ಆ ಬಿಸಿಗೆ ಮೇಲ್ಮೈಯೇ ಮೆತ್ತಗಾಗುತ್ತದೆ. ಕೆಳಗಿನ ಮುಖವನ್ನೂ ಒರೆಸಿ. ಒಮ್ಮೆ ನನಗೆ 60 ಬರಬೇಕಾದ ಪ್ಲೇಟ್ 54 ತೋರಿಸಿತು. ಹಾರ್ಡನಿಂಗ್ ಮಾಡಿದವರನ್ನು ಸುಮ್ನೆ ಬೈದೆ. ಆಮೇಲೆ ತಿರುಗಿಸಿ ಬೆರಳಾಡಿಸಿದರೆ ಅಂಚಿನಲ್ಲಿ ಸಣ್ಣ ಬರ್ (ಎದ್ದುನಿಂತ ಲೋಹದ ಚೂರು) ಇತ್ತು. ಭಾರ ಬಿದ್ದಾಗ ಅದು ಅಪ್ಪಚ್ಚಿಯಾಗಿ ಜಾಬ್ 0.012 ಮಿ.ಮೀ. ಕುಸಿದರೂ ಸಾಕು, ಆರು ಅಂಕ ಹೋದಂತೆಯೇ. ಬರ್ ತೆಗೆದ ಮೇಲೆ 60 ಬಂತು.

ಈಗ ಟೆಸ್ಟ್. ಡಯಲ್ ಇರುವ ಮೆಷಿನ್ ಆದರೆ ಭಾರವನ್ನು 150ಕ್ಕೆ ಇಟ್ಟು, ವಜ್ರದ ಮೊನೆ ಹಾಕಿ. ಮೊದಲು ಗಡಸುತನ ಗೊತ್ತಿರುವ ಟೆಸ್ಟ್ ಬ್ಲಾಕ್ ಒತ್ತಿ ಮೆಷಿನ್ ಸರಿಯಿದೆಯೇ ನೋಡಿ. ಮೊನೆ ಬದಲಿಸಿದ್ದರೆ ಮೊದಲ ಎರಡು ರೀಡಿಂಗ್ ಬಿಟ್ಟುಬಿಡಿ, ಅದು ಕೂರುವುದಕ್ಕೆ ಅಷ್ಟು ಬೇಕು.

ಜಾಬ್ ಇಟ್ಟು ಹ್ಯಾಂಡ್ ವೀಲ್ ನಿಧಾನವಾಗಿ ತಿರುಗಿಸಿ ಮೇಲಕ್ಕೆ ತನ್ನಿ. ಚಿಕ್ಕ ಮುಳ್ಳು ಕೆಂಪು ಚುಕ್ಕೆಗೆ ಬಂದಾಗ 10 ಕೆ.ಜಿ. ಬಿದ್ದಿದೆ ಎಂದರ್ಥ. ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ, ಜಾಗ ಬದಲಿಸಿ ಹೊಸದಾಗಿ ಶುರು ಮಾಡಿ. ದೊಡ್ಡ ಮುಳ್ಳು ಶುರುವಿನ ಗುರುತಿಗೆ ಬರುವಂತೆ ಡಯಲ್ ಹೊಂದಿಸಿ, 150 ಕೆ.ಜಿ. ಬೀಳಲು ಲಿವರ್ ಬಿಡಿ. ದೊಡ್ಡ ಮುಳ್ಳು ನಿಂತ ಮೇಲೆ ಕೆಲವು ಸೆಕೆಂಡ್ ಕಾದು ಲಿವರ್ ವಾಪಸ್ ಎಳೆಯಿರಿ. ಈಗ ಕಪ್ಪು ಅಂಕಿ ಓದಿ. ಕೆಂಪು ಅಂಕಿ ಮೆತ್ತಗಿನ ಲೋಹಕ್ಕೆ ಬಳಸುವ ಬಿ ಸ್ಕೇಲ್‌ನದು, ಹೊಸಬರು ಇಲ್ಲೇ ಜಾಸ್ತಿ ಎಡವುತ್ತಾರೆ.

ಒಂದು ಗುಳಿಯಿಂದ ಇನ್ನೊಂದಕ್ಕೆ ಗುಳಿಯ ಅಗಲದ ಮೂರು ಪಟ್ಟಾದರೂ ಅಂತರ ಇರಲಿ, ಅಂಚಿನಿಂದ ಎರಡೂವರೆ ಪಟ್ಟು. ಸಣ್ಣ ವ್ಯಾಸದ ಶಾಫ್ಟ್ ಆದರೆ ‘ವಿ’ ಆಕಾರದ ಆನ್ವಿಲ್ (ಜಾಬ್ ಕೂರುವ ಪೀಠ) ಬಳಸಿ. ದುಂಡಗಿರುವುದರಿಂದ ರೀಡಿಂಗ್ ಕಡಿಮೆ ಬರುತ್ತದೆ, ಟೇಬಲ್ ನೋಡಿ ಸೇರಿಸಬೇಕು.

ಎರಕದ ಕಬ್ಬಿಣಕ್ಕೆ ಬ್ರಿನೆಲ್ ಪರೀಕ್ಷೆಯ ದೊಡ್ಡ ಗುಂಡು ಒಳ್ಳೆಯದು. ತೆಳು ಕೇಸ್‌ಗೆ (ಮೇಲಷ್ಟೇ ಗಟ್ಟಿ ಮಾಡಿದ ಪದರ) ವಿಕರ್ಸ್ ಪರೀಕ್ಷೆ. 20ಕ್ಕಿಂತ ಕಡಿಮೆ ಬಂದರೆ ಸಿ ಸ್ಕೇಲ್ ನಂಬಬೇಡಿ, ಬಿ ಸ್ಕೇಲ್‌ಗೆ ಹೋಗಿ. ರಿಪೋರ್ಟ್‌ನಲ್ಲಿ ಬರೀ ‘60’ ಎಂದು ಬರೆದು ಬಿಡಬೇಡಿ. ಪಕ್ಕದಲ್ಲಿ ಎಚ್‌ಆರ್‌ಸಿ ಎಂದು ಬರೆಯಿರಿ, ಬಿ ಸ್ಕೇಲ್‌ನ 60 ಅಂದರೆ ತೀರಾ ಮೆತ್ತಗಿನ ಲೋಹ.