ಅಳಿವಿನಂಚಿನ ಪ್ರಾಣಿ, ಹೊರಗಿಂದ ಬಂದ ಜೀರುಂಡೆ: ಎರಡನ್ನೂ ಹೋಲಿಸಿ ಬರೆಯೋದು ಹೇಗೆ?

ಇಂಥ ಅಸೈನ್‌ಮೆಂಟ್ ಬಂತು ಅಂದ್ರೆ ಎಲ್ರೂ ಒಂದು ಟೇಬಲ್ ಹಾಕಿ ಇದಕ್ಕೆ ನಾಲ್ಕು ಕಾಲು, ಅದಕ್ಕೆ ಆರು, ಇದು ಮರಿ ಹಾಕುತ್ತೆ, ಅದು ಮೊಟ್ಟೆ ಇಡುತ್ತೆ ಅಂತ ತುಂಬಿಸಿಬಿಡ್ತಾರೆ. ದಯವಿಟ್ಟು ಬೇಡ. ಎರಡಕ್ಕೂ ಒಂದೇ ಪ್ರಶ್ನೆ ಕೇಳಿ, ಉತ್ತರ ಎಲ್ಲಿ ಕವಲೊಡೆಯುತ್ತೆ ಅಂತ ನೋಡಿ.

ಜೋಡಿ ಒಂದೇ ಖಂಡದ್ದಾದ್ರೆ ಬರೆಯೋಕೆ ಸುಲಭ. ಉತ್ತರ ಅಮೆರಿಕದ ಬ್ಲ್ಯಾಕ್ ಫುಟೆಡ್ ಫೆರೆಟ್ಟು (ನೀರುನಾಯಿ ಕುಟುಂಬದ ಪುಟ್ಟ ಬೇಟೆ ಪ್ರಾಣಿ), ಅಲ್ಲಿಗೆ ಏಷ್ಯಾದಿಂದ ಬಂದು ಸೇರ್ಕೊಂಡ ಎಮರಾಲ್ಡ್ ಆಶ್ ಬೋರರ್ರು (ಆಶ್ ಅನ್ನೋ ಮರ ಕೊರೆಯೋ ಹಸಿರು ಜೀರುಂಡೆ), ಇವೆರಡನ್ನ ತಗೊಳ್ಳೋಣ.

ಮೊದಲು ಊಟದ ಬಗ್ಗೆ ಕೇಳಿ, ಅಸಲಿ ವಿಷಯ ಇಲ್ಲೇ ಇರೋದು. ಫೆರೆಟ್ ತಿನ್ನೋದ್ರಲ್ಲಿ 90 ಪರ್ಸೆಂಟ್‌ಗೂ ಜಾಸ್ತಿ ಪ್ರೇರಿ ಡಾಗೇ (ಇದು ಬಿಲದಲ್ಲಿರೋ ಅಳಿಲಿನ ಕುಟುಂಬದ ಪ್ರಾಣಿ), ಇರೋದೂ ಅದರ ಬಿಲದಲ್ಲೇ, ಹಾಗಾಗಿ ಹುಲ್ಲುಗಾವಲು ಉತ್ತು, ದನಗಳ ಮೇವು ತಿನ್ನುತ್ತೆ ಅಂತ ಪ್ರೇರಿ ಡಾಗ್‌ಗೆ ವಿಷ ಇಟ್ಟಾಗ ಫೆರೆಟ್‌ಗೆ ಊಟಾನೂ ಹೋಯ್ತು ಮನೆನೂ ಹೋಯ್ತು. ಬೋರರ್‌ದೂ ಅದೇ ಹಠ, ಮರಿಹುಳಕ್ಕೆ ಹೆಚ್ಚುಕಮ್ಮಿ ಆಶ್ ಮರದ ತೊಗಟೆ ಒಳಗಿನ ಪದರವೇ ಆಗ್ಬೇಕು. ಆದ್ರೆ ಅಮೆರಿಕದಲ್ಲಿ ಆಶ್ ಮರ ಕೋಟಿಗಟ್ಟಲೆ ಇತ್ತು, ಏಷ್ಯಾದ ಆಶ್ ಮರಗಳಿಗಿರೋ ತಡ್ಕೊಳ್ಳೋ ಶಕ್ತಿ ಅವಕ್ಕಿರಲಿಲ್ಲ. ಒಂದೇ ಗುಣ ಒಂದನ್ನ ಮುಳುಗಿಸ್ತು, ಇನ್ನೊಂದನ್ನ ಬೆಳೆಸ್ತು.

ಸಂತಾನದ್ದು ಎರಡು ಸಾಲು ಸಾಕು: ಫೆರೆಟ್ ವರ್ಷಕ್ಕೊಂದ್ಸಲ ಮೂರ್ನಾಲ್ಕು ಮರಿ, ಬೋರರ್ 40ರಿಂದ 70 ಮೊಟ್ಟೆ.

ಆಮೇಲೆ ಜನರ ಕೈವಾಡ ಹುಡುಕಿ. ಬೋರರ್ 2002ರಲ್ಲಿ ಡೆಟ್ರಾಯಿಟ್ ಹತ್ರ ಪತ್ತೆಯಾಯ್ತು, ಬಹುಶಃ ಸರಕಿನ ಪ್ಯಾಕಿಂಗ್ ಮರದ ಜೊತೆ ಬಂದಿದ್ದು, ಆಮೇಲೆ ಸೌದೆ ಸಾಗಿಸೋರೇ ಅದನ್ನ ದೂರ ದೂರ ಹಬ್ಬಿಸಿದ್ರು. ಫೆರೆಟ್ ಭಾಗದಲ್ಲಿ ಈ ಕಾಲಂ ಖಾಲಿ ಬಿಡೋರೇ ಜಾಸ್ತಿ, ಆದ್ರೆ ಪ್ರೇರಿ ಡಾಗನ್ನೂ ಫೆರೆಟ್ಟನ್ನೂ ಕೊಲ್ಲೋ ಪ್ಲೇಗ್ ಕೂಡ 1900ರ ಆಸುಪಾಸು ಹಡಗಲ್ಲಿ ಬಂದಿದ್ದೇ!

ಉಳಿಸೋಕೆ, ತಡೆಯೋಕೆ ಏನ್ ಮಾಡಿದ್ರು ಅನ್ನೋದನ್ನ ಪಕ್ಕಪಕ್ಕ ಬರೀರಿ. ಫೆರೆಟ್ ಕಥೆ ಮುಗೀತು ಅಂದ್ಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನಲ್ಲಿ ಒಂದು ಸಾಕುನಾಯಿ ಒಂದನ್ನ ಕೊಂದು ಮನೆಗೆ ತಂತು, ಹುಡುಕಿದ್ರೆ ಇನ್ನೂ ಇದ್ವು, ಆದ್ರೆ ರೋಗ ಬಿದ್ದು 1987ರ ಹೊತ್ತಿಗೆ ಉಳಿದಿದ್ದು 18, ಅಷ್ಟನ್ನೂ ಹಿಡಿದು ಮರಿ ಮಾಡಿಸಿದ್ರು. ಬೋರರ್‌ಗೆ ಉಲ್ಟಾ: ಅದನ್ನ ಕೊಲ್ಲೋ ಪುಟ್ಟ ಕಣಜಗಳನ್ನ 2007ರಿಂದ ಬೇಕಂತಲೇ ಹೊರಗಿಂದ ತಂದು ಬಿಟ್ರು.

ಇನ್ನು ಸಂಖ್ಯೆಗಳು. ಫೆರೆಟ್ ಲೆಕ್ಕ ಅಂದ್ರೆ ರಾತ್ರಿ ಲೈಟ್ ಹಾಯಿಸಿ ಹೊಳೆಯೋ ಕಣ್ಣು ನೋಡಿ ಬದುಕಿರೋ ಪ್ರಾಣಿನ ಎಣಿಸಿದ್ದು, ಬೋರರ್ ಲೆಕ್ಕ ಅಂತ ಸಿಗೋದು ಸಾಮಾನ್ಯವಾಗಿ ಸತ್ತ ಮರಗಳದ್ದು, ಹಾಗಾಗಿ ಎರಡನ್ನೂ ಒಂದೇ ಗ್ರಾಫ್‌ಗೆ ಹಾಕ್ಬೇಡಿ.