ಜಮಾ ಇಲ್ಲದೆ ಏರಿದ ಸಕ್ಕರೆ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಮೂವತ್ತು ವರ್ಷದಿಂದ ಕಿರ್ದಿ ಬರೆಯುವವನು ನಾನು. ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗಲೂ ಅದನ್ನೇ ಮಾಡಿದೆ. ಗ್ಲುಕೋಮೀಟರ್ ತಂದು, ಹಳೆಯ ಖಾತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಶುಗರ್ ಲೆಕ್ಕ ಶುರು ಮಾಡಿದೆ.

ಮೊದಲ ವಾರವೇ ಒಂದು ಮಧ್ಯಾಹ್ನ ಮೀಟರ್ 342 ತೋರಿಸಿತು. ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ, ಅಂಗಡಿಯಲ್ಲಿ ಬೆಲ್ಲದ ಪೆಂಟಿ ಮುಟ್ಟಿದ್ದ ಬೆರಳನ್ನೇ ಚುಚ್ಚಿಕೊಂಡಿದ್ದೆ. ಸೋಪು ಹಚ್ಚಿ ತೊಳೆದು, ಒರೆಸಿ, ಮತ್ತೆ ಚುಚ್ಚಿದರೆ 156. ಬೆರಳ ತುದಿಯ ನಟ್ಟನಡುವೆ ಬೇಡ, ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಇದನ್ನು ಕಲಿಯಲು ತಿಂಗಳು ಹಿಡಿಯಿತು.

ನಿಜವಾದ ತಕರಾರು ಮುಂಜಾನೆಯದು. ರಾತ್ರಿ ಹತ್ತಕ್ಕೆ 124, ಬೆಳಗ್ಗೆ ಆರಕ್ಕೆ 161. ನಡುವೆ ನೀರು ಬಿಟ್ಟು ಏನೂ ಇಲ್ಲ. ಜಮಾ ಇಲ್ಲದೆ ಶಿಲ್ಕು ಏರುವುದನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. "ರಾತ್ರಿ ಎದ್ದು ಬೆಲ್ಲಾ ತಿಂತೀರಿ, ಮತ್ತೇನ?" ಎಂದಳು ಹೆಂಡತಿ. ಡಬ್ಬಿ ಕಪಾಟು ಸೇರಿತು, ಕೀಲಿ ಅವಳ ಸೆರಗಿಗೆ. ಮರುದಿನ 158.

ಮೂರು ದಿನ ನಸುಕಿನ ಮೂರಕ್ಕೂ ಎದ್ದು ನೋಡಲು ವೈದ್ಯರು ಹೇಳಿದರು. ಆಗ ಶುಗರ್ ಕುಸಿದಿದ್ದರೆ ಔಷಧದ ಅಳತೆಯನ್ನೇ ಅನುಮಾನಿಸಬೇಕಾಗುತ್ತಿತ್ತು. ಕುಸಿದಿರಲಿಲ್ಲ. ಹತ್ತಕ್ಕೆ 126, ಮೂರಕ್ಕೆ 121, ಆರಕ್ಕೆ 160. ಏರಿದ್ದೆಲ್ಲ ಮೂರರ ಮೇಲೆ.

ಜಮಾ ಮಾಡುತ್ತಿದ್ದುದು ಲಿವರ್. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವು ಇದ್ದ ಹಾಗೆ ಅದು. ಉಂಡ ಮೇಲೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಮಿಕ್ಕ ಗ್ಲೂಕೋಸು ಗ್ಲೈಕೋಜನ್ ಆಗಿ ಒಳಗೆ ಬೀಳುತ್ತದೆ, ಸುಮಾರು 100 ಗ್ರಾಂ. ರಕ್ತದಲ್ಲಿ ಓಡಾಡುವುದು ಒಂದು ಚಮಚೆಯಷ್ಟೇ, 5 ಗ್ರಾಂ ಆಸುಪಾಸು. ಹೊಟ್ಟೆ ಖಾಲಿಯಾದಾಗ ಅದೇ ಗ್ರಂಥಿಯ ಆಲ್ಫಾ ಕೋಶಗಳು ಬಿಡುವ ಗ್ಲುಕಗಾನ್ ಎಂಬ ಹಾರ್ಮೋನು ಹಗೇವಿನ ಬಾಯಿ ತೆರೆಸುತ್ತದೆ. ನಸುಕಾದಂತೆ ಕಿಡ್ನಿಯ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಏರುತ್ತದೆ, ರಾತ್ರಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಿಟ್ಟ ಬೆಳವಣಿಗೆಯ ಹಾರ್ಮೋನೂ ಜೊತೆಗೂಡುತ್ತದೆ. ಏಳಲಿರುವ ಮೈಗೆ ಬುತ್ತಿ ಕಟ್ಟುವ ಕೆಲಸ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ತುಸು ಹೆಚ್ಚಿ ಸರಿದೂಗಿಸುತ್ತದೆ. ನನ್ನ ಲಿವರ್ ಇನ್ಸುಲಿನ್ ಎಂಬ ಆ ಕಾವಲುಗಾರನ ಮಾತು ಕೇಳುತ್ತಿರಲಿಲ್ಲ.

ರಾತ್ರಿಯ ಊಟ ಇನ್ನೂ ಬೇಗ, ಏಳೂವರೆಗೆ ಬಂತು. ಜೋಳದ ರೊಟ್ಟಿ ಉಂಡರೆ ಶುಗರ್ ಏರೋದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ನನ್ನ ಪುಸ್ತಕ ಒಪ್ಪಲಿಲ್ಲ. ಮೂರು ರೊಟ್ಟಿ ಉಂಡ ಎರಡು ತಾಸಿಗೆ 214, ಒಂದೂವರೆ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯಕ್ಕೆ 168. ಉಂಡ ಮೇಲೆ ಇಪ್ಪತ್ತು ನಿಮಿಷ ನಡೆದರೆ ಇನ್ನೂ ಇಳಿಯುತ್ತಿತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೂ ಗ್ಲೂಕೋಸು ಎಳೆದುಕೊಳ್ಳುತ್ತದಂತೆ. ಗುಳಿಗೆಯ ಹೊತ್ತನ್ನು ವೈದ್ಯರೇ ಬದಲಿಸಿದರು (ನೀವಾಗಿ ಬದಲಿಸಿಕೊಳ್ಳಬೇಡಿ).

ಎರಡು ತಿಂಗಳಲ್ಲಿ ಮುಂಜಾನೆಯ ಅಂಕಿ 130ರ ಅಕ್ಕಪಕ್ಕ ನಿಂತಿತು. ಮಾರ್ಚ್ ಕೊನೆಗೆ ಅಂಗಡಿಯ ವರ್ಷದ ಲೆಕ್ಕ ತಾಳೆಯಾಗದೆ ಎರಡು ರಾತ್ರಿ ನಿದ್ದೆ ಕೆಟ್ಟೆ. ಅದೇ ಊಟ, ಅದೇ ನಡಿಗೆ, 155. ಈ ಸಲ ಹೆಂಡತಿ ಕಪಾಟಿನ ಕಡೆ ನೋಡಲಿಲ್ಲ. ಚಿಂತೆಗೂ ಕಾರ್ಟಿಸೋಲೇ, ಅಡ್ರಿನಲಿನ್ನೇ. ಷರಾ ಅಂಕಣದಲ್ಲಿ 'ಮಾರ್ಚ್' ಎಂದು ಬರೆದು ಮುಂದಿನ ಸಾಲಿಗೆ ಹೋದೆ.